ಒತ್ತು, ಹಿಡಿ, ಬಿಡು

ಹನಿಯೊಂದು ತುದಿಯಲ್ಲಿ ನಿಂತಿದೆ, ಬೀಳಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಾ, ಅವಳು ಬೆರಳೊಡ್ಡಿದಳು, ಬಿತ್ತು, ಹೆಬ್ಬೆರಳಿಗೆ ತಿಕ್ಕಿ ಮೂಸಿದಳು, ಬ್ರೇಕಿನ ಎಣ್ಣೆಯೇ, ಹಾಕಿ ಒಂದೂವರೆ ತಿಂಗಳಾಗಿಲ್ಲ, ಆಗಲೇ ಚಹಾದ ಬಣ್ಣಕ್ಕೆ ತಿರುಗಿದೆ, ಕುದ್ದಿದೆ, ಇಳಿಜಾರಿನಲ್ಲಿ ಅಷ್ಟು ಒತ್ತಿದರೆ ಕುದಿಯದೆ ಇನ್ನೇನು, ಸರಿ, ಆದರೆ ಹನಿ ಇಷ್ಟು ಕೆಳಗೆ ಯಾಕೆ, ಇಲ್ಲಿ ಹನಿ ನಿಲ್ಲುವುದಕ್ಕೆ ಏನಿದೆ — ಕೈದೀಪವನ್ನು ಚಕ್ರದ ಗೂಡಿನೊಳಕ್ಕೆ ತಿರುಗಿಸಿದಳು, ನೋಡಿದಳು, ಕನ್ನಡಕ ತೆಗೆದು ಅಂಗಿಯ ತೋಳಿಗೆ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಮೂಗು ಕೆಳಗಿದೆ. ಮೂಗು ನೆಲ ನೋಡುತ್ತಿದೆ. ಅದು ಅಪ್ಪ ಇಟ್ಟ ಹೆಸರು, ಮೂಗು, ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರು ಎಂಬ ದವಡೆಯಿದೆಯಲ್ಲ, ಅದರ ತಲೆಯ ಮೇಲೆ ಕಿರುಬೆರಳಿನ ತುದಿಯಷ್ಟು ಎದ್ದು ನಿಂತಿರುವ ತೂತಿನ ತಿರುಪು, ಎಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದಕ್ಕೆ ಅದೊಂದೇ ದಾರಿ, ಮೂಗು ಆಕಾಶ ನೋಡ್ಬೇಕು ಮಗಳೇ, ಗಾಳಿ ಯಾವತ್ತಿದ್ರೂ ಮೇಲಕ್ಕೇ ಹೋಗೋದು, ಮೂಗು ಕೆಳಗಿದ್ರೆ ಗಾಳಿ ಒಳಗೇ ಕೂತ್ಕೊಳುತ್ತೆ, ಬರೀ ಎಣ್ಣೆ ಬರುತ್ತೆ, ನೀನು ಖುಷಿಯಾಗಿ ಮುಚ್ಚಿಬಿಡ್ತೀಯ — ಅವಳಿಗೆ ಏಳು ವರ್ಷವಿದ್ದಾಗ ಹೇಳಿದ್ದು, ಈಗ ನಲವತ್ತೊಂಬತ್ತು, ಮೂಗು ಎಲ್ಲಿರಬೇಕು ಎಂದು ಯಾರೂ ನೆನಪಿಸಬೇಕಾಗಿಲ್ಲ, ಕಣ್ಣು ಕಟ್ಟಿ ಬಿಟ್ಟರೂ ಹಾಕುತ್ತಾಳೆ, ಬೀದಿಯವರೆಲ್ಲ ಬ್ರೇಕಮ್ಮ ಎಂದು ಕರೆಯುವುದು ಸುಮ್ಮಸುಮ್ಮನೆ ಅಲ್ಲ. ಮಂಡಿ ಊರಿಕೊಂಡೇ ಆಚೆ ಚಕ್ರಕ್ಕೆ ಹೋದಳು, ದೇವರೇ ಅಲ್ಲಾದರೂ, ಇಲ್ಲ, ಅಲ್ಲೂ ಕೆಳಗೇ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಕಿದವರು ಯಾರು ಎಂದು ಬೇರೆಯವರ ಕಾರಾಗಿದ್ದರೆ ಕೇಳುತ್ತಿದ್ದಳು, ಯಾವನಪ್ಪಾ ಆ ಮಹಾನುಭಾವ ಎಂದು, ನಗುತ್ತಿದ್ದಳು, ನಾಲ್ಕು ಜನರನ್ನು ಕರೆದು ತೋರಿಸುತ್ತಿದ್ದಳು ಕೂಡ.

ಗಾಜಿನ ಆಚೆ ತಮ್ಮ ಕೂತಿದ್ದಾನೆ. ಗ್ಯಾರೇಜಿಗೆ ಇವತ್ತು ವಾರದ ರಜೆ, ಶಟರು ಅರ್ಧ ಎಳೆದಿದೆ, ಮುಂದಿನ ಕೋಣೆಯಲ್ಲಿ ಅವನೊಬ್ಬ, ಒಳಗೆ ಅವಳೊಬ್ಬಳು, ಮಧ್ಯೆ ಗ್ರೀಸಿನ ಬೆರಳಚ್ಚು ಮೆತ್ತಿದ ಗಾಜು, ಅವನು ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಕೂತಿದ್ದಾನೆ, ನಲವತ್ತರ ಗಂಡಸು, ಬೆಳಿಗ್ಗೆ ಗಡ್ಡ ಬೇರೆ ಕೆರೆದುಕೊಂಡು ಬಂದಿದ್ದಾನೆ, ಗಲ್ಲದ ಕೆಳಗೆ ಒಂದು ಕಡೆ ಬಿಟ್ಟುಹೋಗಿದೆ. ನೀನೇ ನೋಡಿ ಹೇಳಕ್ಕಾ, ನೀನು ಹೇಳಿದ್ದೇ ಮಾತು. ಅವನ ಹೆಂಡತಿ ಅಂದಿದ್ದು ಬೇರೆ, ಇನ್ನೊಂದು ಗ್ಯಾರೇಜಲ್ಲಿ ಬಿಚ್ಚಿಸಿ ನೋಡಿ ಅಂದಿದ್ದಳಂತೆ, ಅದಕ್ಕೆ ಇವನು ರೇಗಿದನಂತೆ, ಅಕ್ಕ ಹಾಕಿದ್ದನ್ನ ಬೇರೆಯವನ ಕೈಲಿ ಬಿಚ್ಚಿಸೋದಾ, ಅದಕ್ಕಿಂತ ಅಕ್ಕನ ಮುಖಕ್ಕೇ ಉಗಿಯೋದು ವಾಸಿ — ಇದನ್ನು ಅವನೇ ಬಂದು ಹೇಳಿದ, ಎದೆಯುಬ್ಬಿಸಿ, ಅಕ್ಕನಿಗೆ ಖುಷಿಯಾಗಲಿ ಎಂದು, ಅಯ್ಯೋ ಮಂಕೇ, ಅವಳ ಮಾತನ್ನಾದರೂ ಕೇಳಬೇಕಿತ್ತಲ್ಲೋ. ಕಾರು ಕಟ್ಟೆಗೆ ಗುದ್ದಿದ ಮೇಲೆ ಮಗುವನ್ನು ಕರೆದುಕೊಂಡು ಅವಳು ತವರಿಗೆ ಹೋಗಿ ಹದಿನೆಂಟು ದಿನ, ಹೊರಡುವಾಗ ಅಂದಿದ್ದು ಇಷ್ಟು. ಬ್ರೇಕು ಸರಿಯಾಗಿತ್ತು ಅಂದ್ರೆ ತಪ್ಪು ನಿಮ್ಮದೇ, ಓಡಿಸೋ ಹುಚ್ಚು ನಿಮ್ಮದೇ, ಮಗೂನ ಇನ್ಮೇಲೆ ನಿಮ್ಮ ಜೊತೆ ಯಾವ ಗಾಡೀಲೂ ಕೂರಿಸಲ್ಲ, ನಾನು ವಾಪಸ್ ಬರ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಫೋನು ಅವನ ಪಕ್ಕದಲ್ಲೇ ಬೆಂಚಿನ ಮೇಲಿದೆ. ಅಕ್ಕ ಒಳಗಿಂದ ಬಂದು ಒಂದು ಮಾತು ಹೇಳಿದರೆ ಹೆಂಡತಿಗೆ ಹೇಳಬೇಕು, ಆ ಮಾತು ಏನೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಾನೆ, ತಪ್ಪು ನಂದೇ ಬಿಡಕ್ಕಾ, ಸ್ಪೀಡಲ್ಲಿದ್ದೆ, ಸುಮ್ನೆ ಶಾಸ್ತ್ರಕ್ಕೆ ಬಿಚ್ಚಿ ನೋಡು. ಶಾಸ್ತ್ರಕ್ಕೆ ಬಿಚ್ಚಿದಳು. ಬಿಚ್ಚಿದ್ದಕ್ಕೆ ಇದು ಸಿಕ್ಕಿತು.

ಸ್ಪೀಡಲ್ಲಿ ಇರಲಿಲ್ಲ ಅವನು, ಈಗ ಗೊತ್ತಾಯಿತಲ್ಲ, ಇದ್ದರೂ ಅಂಥ ಸ್ಪೀಡಲ್ಲ, ಗುಡ್ಡದ ಮೇಲಿನ ಈಜುಕೊಳದಿಂದ ಮಗುವನ್ನು ಕರೆದುಕೊಂಡು ಇಳಿಯುತ್ತಿದ್ದ, ಏಳು ತಿರುವು, ಒಂದೊಂದು ತಿರುವಿಗೂ ಬ್ರೇಕು ಒತ್ತಬೇಕು, ಒತ್ತಿದಷ್ಟೂ ಕ್ಯಾಲಿಪರು ಬಿಸಿ, ಬಿಸಿಯಾದಷ್ಟೂ ಒಳಗೆ ಕೂತ ಗಾಳಿ ಉಬ್ಬುತ್ತದೆ, ಆರನೆಯ ತಿರುವಿನಲ್ಲಿ ಪೆಡಲು ಸೀದಾ ನೆಲಕ್ಕೆ ಹೋಗಿದೆ, ಒತ್ತಿದರೆ ಏನೂ ಇಲ್ಲ, ಹತ್ತಿ ತುಳಿದ ಹಾಗೆ, ಮತ್ತೆ ಒತ್ತಿದ, ಮೂರನೆಯ ಸಲ ಹಿಡಿದಿದೆ, ಅಷ್ಟರಲ್ಲಿ ಕಲ್ಲಿನ ಕಟ್ಟೆ ಬಂದಿತ್ತು, ಆ ಕಟ್ಟೆ ಇಲ್ಲದಿದ್ದರೆ, ಥೂ ಬೇಡ, ಅದನ್ನು ನೆನೆಸಿಕೊಳ್ಳುವುದು ಬೇಡ. ಅಪ್ಪ ಮೂರು ಸಲ ಒತ್ತಿದ್ರು ಅತ್ತೆ. ಚಿಟ್ಟೆ ಹೇಳಿದ್ದು, ಮಗುವನ್ನು ಮನೆಯವರೆಲ್ಲ ಕರೆಯುವುದೇ ಚಿಟ್ಟೆ ಎಂದು, ಒಂಬತ್ತು ವರ್ಷ, ಕೂತಲ್ಲಿ ಕೂರುವುದಿಲ್ಲ, ಆಸ್ಪತ್ರೆಯ ಮಂಚದ ಮೇಲೆ ಎಡಗೈಗೆ ಮೊಣಕೈಯ ಮೇಲಿನವರೆಗೆ ಪ್ಲಾಸ್ಟರು ಹಾಕಿಸಿಕೊಂಡು, ಎರಡು ಕಡೆ ಮೂಳೆ ಮುರಿದಿದೆ, ಆದರೂ ಬಾಯಿ ಸುಮ್ಮನಿಲ್ಲ, ನಾನು ಹಿಂದಿನ ಸೀಟಿಂದ ನೋಡ್ದೆ ಅತ್ತೆ, ಅಪ್ಪನ ಮಂಡಿ ಮೇಲೆ ಕೆಳಗೆ, ಮೇಲೆ ಕೆಳಗೆ, ಒತ್ತಿದ್ರು, ಯಾರೂ ನಂಬ್ತಿಲ್ಲ, ನೀವಾದ್ರೂ ನಂಬಿ. ಅವಳ ಅಮ್ಮ ಮಗುವಿನ ತಲೆ ಸವರಿ ಮಲಕ್ಕೋ ಪುಟ್ಟಾ ಅಂದಳು, ಆಮೇಲೆ ಹೊರಗೆ, ಔಷಧಿ ವಾಸನೆಯ ಆ ವರಾಂಡದಲ್ಲಿ, ರೋಗಿಗಳ ಕೈಗಾಡಿಯ ಚಕ್ರ ಕೀಚ್ ಕೀಚ್ ಅನ್ನುತ್ತಿತ್ತು, ಗೋಡೆಗೆ ಒರಗಿ, ಕಣ್ಣೆತ್ತದೆ ಕೇಳಿದಳು, ಬ್ರೇಕು ಸರಿಯಾಗಿತ್ತಲ್ವಾ ಅಕ್ಕಾ? ಆಗ ಇವಳು ಏನು ಹೇಳಿದಳು, ನಾನೇ ಹಾಕಿದ್ದು ಕಣಮ್ಮಾ. ಅದು ಉತ್ತರವೇ? ಸುಳ್ಳಲ್ಲ, ನಿಜವೂ ಅಲ್ಲ, ನಾನೇ ಹಾಕಿದ್ದು ಎಂದರೆ ಸಾಕು ಎಂಬ ಜಂಬ, ನನ್ನ ಕೈ ಬಿದ್ದ ಮೇಲೆ ಕೇಳುವುದೇನಿದೆ ಎಂಬ ಜಂಬ, ಚಿಟ್ಟೆಯ ಅಮ್ಮ ತಲೆಯಾಡಿಸಿದಳು, ಕಣ್ಣೊರೆಸಿಕೊಂಡು ಒಳಗೆ ಹೋದಳು, ಮರುದಿನವೇ ತವರಿಗೆ. ನಾಲ್ಕು ಮಾತಲ್ಲ, ಮೂರೇ ಮಾತು, ತಮ್ಮನ ಸಂಸಾರದ ಬಾಗಿಲು ಹಾಕಿಕೊಂಡಿತು. ಇವಳಿಗೆ ಆಗ ಒಂದು ಸಮಾಧಾನವೂ ಆಗಿತ್ತು, ಹೌದು, ಒಪ್ಪಿಕೋ, ಮಗುವಿನ ಕೈ ಮುರಿದು ಮಲಗಿರುವಾಗ ನಿನಗೆ ಸಮಾಧಾನವಾಗಿತ್ತು, ಸದ್ಯ ನನ್ನ ಕೆಲಸದ ಮೇಲೆ ಮಾತು ಬರಲಿಲ್ಲ ಎಂದು.

ಅವನಿಗೆ ಬೇಕಾಗಿಯೂ ಇರಲಿಲ್ಲ ಈ ಬ್ರೇಕು. ಕೆಂಪು ಸೆಡಾನು, ನೋಡಲು ಮನೆಮಂದಿಯ ಕಾರು, ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಒಳಗೆ ಮಾತ್ರ ಓಟದ ಗಾಡಿಯ ಎಂಜಿನ್ನು, ಆಕ್ಸಿಲರೇಟರು ಮುಟ್ಟಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಅವನು ಅದನ್ನು ತಂದ ದಿನದಿಂದ ಇವಳು ಬೆನ್ನು ಹತ್ತಿದ್ದಳು, ಓಡೋದಕ್ಕೆ ಅಷ್ಟು ದಮ್ಮಿದೆ, ನಿಲ್ಲೋದಕ್ಕೆ ಎಷ್ಟಿದೆ ನೋಡಿದ್ಯಾ, ಈ ಸಣ್ಣ ಡಿಸ್ಕು ಸೈಕಲ್ಲಿಗೆ ಸಾಕು, ಮಗು ಕೂರೋ ಗಾಡಿ ಇದು. ಮಗುವಿನ ಹೆಸರು ಹೇಳಿ ಒಪ್ಪಿಸಿದಳು. ಇದೇ ಕಂಪನಿಯ ಭಾರದ ಕಾರೊಂದರಿಂದ ದೊಡ್ಡ ಕ್ಯಾಲಿಪರು ತರಿಸಿದಳು, ಅಗಲವಾದ ಡಿಸ್ಕು, ಎಣ್ಣೆ ಹರಿಯಲು ಉಕ್ಕಿನ ಎಳೆ ಹೆಣೆದ ಹೋಸು, ಡಿಸ್ಕನ್ನು ಉಜ್ಜಿ ಹಿಡಿಯುವ ಒಳ್ಳೆಯ ಪ್ಯಾಡು, ಚಕ್ರ ಕೂರುವ ಹಬ್ಬಿನ ಮೇಲಿನ ತುಕ್ಕನ್ನು ಬ್ರಷ್ಷಿನಲ್ಲಿ ಉಜ್ಜಿ ಕನ್ನಡಿ ಮಾಡಿದಳು, ಡಿಸ್ಕು ಕೂದಲೆಳೆಯಷ್ಟೂ ಓಲಾಡದ ಹಾಗೆ ಗಡಿಯಾರದಂಥ ಮಾಪಕ ಇಟ್ಟು ನೋಡಿದಳು, ಎಲ್ಲ ಸರಿ, ಎಲ್ಲ ಲಕ್ಷಣವಾಗಿ. ನಡುವೆ ಅವನಿಗೊಂದು ಚಪಲ ಬಂತು, ಅಕ್ಕಾ ಕ್ಯಾಲಿಪರಿಗೆ ಹಳದಿ ಬಣ್ಣ ಹೊಡೆಸ್ತೀನಿ, ಚಕ್ರದ ಸಂದಿಯಿಂದ ಕಾಣುತ್ತಲ್ಲ, ಹೊಡೆಸಪ್ಪಾ ಅದಕ್ಕೇನಂತೆ, ಹೊಡೆಸಿದ, ಪೇಂಟರು ಇವಳು ಕಟ್ಟಿದ್ದ ಎಡ ಬಲದ ಚೀಟಿ ಕಿತ್ತೆಸೆದು, ಎರಡನ್ನೂ ಮೇಜಿನ ಮೇಲೆ ಹೇಗೆ ಬಿದ್ದಿದ್ದವೋ ಹಾಗೇ ಇಟ್ಟುಕೊಂಡು ಹಳದಿ ಹೊಡೆದು, ಅದರ ಮೇಲೆ ಕಪ್ಪಿನಲ್ಲಿ ದುಂಡಗೆ ಬರೆದ, ಚಿಟ್ಟೆ. ಅಪ್ಪನ ಉಡುಗೊರೆ ಮಗಳಿಗೆ. ಕೂರಿಸುವ ದಿನ ಎಲ್ಲರೂ ಬಂದಿದ್ದರು, ತಮ್ಮ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ, ಅವನ ಹೆಂಡತಿ ಸ್ಟೂಲಿನ ಮೇಲೆ, ಚಿಟ್ಟೆ ಟೈರಿನ ರಾಶಿಯ ಮೇಲೆ ಕಾಲು ಕುಣಿಸುತ್ತಾ, ಅತ್ತೆ ನನ್ನ ಹೆಸರು ಎಲ್ಲಿ ಬರುತ್ತೆ, ಇವಳು ನಿತ್ಯದ ಅಭ್ಯಾಸದಂತೆ ಕೈಗೆ ಬಂದದ್ದನ್ನು ಎತ್ತಿ ಮೂಗು ಮೇಲೆ ಮಾಡಿ ಇಟ್ಟಳು — ಇಟ್ಟಿದ್ದಳು, ಮೊದಲ ಸಲ ಸರಿಯಾಗಿಯೇ ಇಟ್ಟಿದ್ದಳು, ಕೈ ತಪ್ಪು ಮಾಡಿರಲಿಲ್ಲ — ನೋಡಿದರೆ ಅಕ್ಷರ ತಲೆಕೆಳಗು. ಚಿಟ್ಟೆ ತಲೆಕೆಳಗಾಗಿ ನೇತಾಡುತ್ತಿದೆ. ಅಯ್ಯೋ, ಎಡದ್ದನ್ನು ಬಲಕ್ಕೆ ಇಟ್ಟೆನೇ, ಇಷ್ಟು ಜನರ ಮುಂದೆ, ಫೋನಿನಲ್ಲಿ ಬೇರೆ ಹಿಡಿಯುತ್ತಿದ್ದಾನೆ, ಯಾರೂ ಗಮನಿಸುವ ಮೊದಲು ಸರಕ್ಕನೆ ತೆಗೆದು ಆಚೆಯದನ್ನು ತಂದಿಟ್ಟಳು, ಅಕ್ಷರ ನೆಟ್ಟಗೆ ನಿಂತಿತು, ಚಿಟ್ಟೆ ಚಪ್ಪಾಳೆ ತಟ್ಟಿದಳು. ಮೂಗು ಎಲ್ಲಿದೆ ಎಂದು ಅವಳು ನೋಡಲಿಲ್ಲ. ಅಕ್ಷರ ನೋಡಿದಳು. ನಲವತ್ತು ವರ್ಷದ ಕೈಯನ್ನು ಪೇಂಟರನ ಕುಂಚ ಒಂದು ಕ್ಷಣದಲ್ಲಿ ಸುಳ್ಳು ಮಾಡಿತು. ಹೋಸು ಸ್ವಲ್ಪ ಬಿಗಿಯಾಗಿ ತಿರುಚಿಕೊಂಡ ಹಾಗಿತ್ತು, ಹೊಸ ಹೋಸಲ್ಲವೇ, ಬಗ್ಗಬೇಕು, ಅಂದುಕೊಂಡಳು.

ಆಮೇಲೆ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು, ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಬೇಕು, ಒಬ್ಬರು ಚಕ್ರದ ಹತ್ತಿರ ಮೂಗು ಬಿಚ್ಚಿ ಮುಚ್ಚಬೇಕು, ಒತ್ತು, ಹಿಡಿ, ಬಿಡು, ಅಪ್ಪ ಕೆಳಗಿಂದ ಕೂಗುತ್ತಿದ್ದ, ಸೀಟಿನಲ್ಲಿ ಕೂತರೆ ಅವಳ ಕಾಲು ಎಟುಕುತ್ತಿರಲಿಲ್ಲ, ಸ್ಟೀರಿಂಗು ಹಿಡಿದು ಪೆಡಲಿನ ಮೇಲೆ ಎರಡೂ ಕಾಲಿಟ್ಟು ನಿಂತುಬಿಡುತ್ತಿದ್ದಳು, ಒತ್ತಿದೆ ಅಪ್ಪಾ, ಹಿಡಿ, ಹಿಡಿದೆ ಅಪ್ಪಾ, ಬಿಡು, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಸಾಲಾಗಿ ಬರುವುದನ್ನು ಅಪ್ಪ ಎಣಿಸುತ್ತಿದ್ದ, ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಸಾಕು ಇಳಿ ರಾಣಿ ಅನ್ನುತ್ತಿದ್ದ, ಅವಳು ಕಾರೇ ನಿಲ್ಲಿಸಿದವಳ ಹಾಗೆ ಬೀಗಿಕೊಂಡು ಇಳಿಯುತ್ತಿದ್ದಳು. ತಮ್ಮ ಹುಟ್ಟಿ ಬೆಳೆದ ಮೇಲೆ ಒತ್ತುವ ಕೆಲಸ ಅವನದು, ಅಪ್ಪ ಹೋದ ಮೇಲೂ, ಅವನು ಬೇರೆ ಕೆಲಸ ಹಿಡಿದ ಮೇಲೂ, ತನ್ನ ಕಾರಿಗೆ ಮಾತ್ರ ಬಂದು ಕೂತು ಒತ್ತುತ್ತಾನೆ, ಅವತ್ತೂ ಒತ್ತಿದ, ಒತ್ತು, ಹಿಡಿ, ಬಿಡು, ಎಂಟೇ ಸಲಕ್ಕೆ ಗುಳ್ಳೆ ನಿಂತಿತು. ಎಂಟೇ ಸಲ. ಹೊಸ ಕ್ಯಾಲಿಪರು, ಖಾಲಿ ಹೋಸು, ಇಪ್ಪತ್ತು ಸಲವಾದರೂ ಬೇಕಿತ್ತು, ಎಷ್ಟು ಬೇಗ ಬಂತಲ್ಲ ಎಂದು ಹಿಗ್ಗಿದಳೇ ಹೊರತು ಯಾಕೆ ಬಂತು ಎಂದು ಕೇಳಲಿಲ್ಲ. ಗಾಳಿ ಮೇಲೆ ಆರಾಮಾಗಿ ಕೂತಿತ್ತು. ಬರೀ ಎಣ್ಣೆ ಬಂತು, ಅವಳು ಖುಷಿಯಾಗಿ ಮುಚ್ಚಿದಳು. ಆಮೇಲೆ ತಾನೇ ಸೀಟಿನಲ್ಲಿ ಕೂತು ಒತ್ತಿ ನೋಡಿದಳಲ್ಲ, ಕಾಲು ಹೇಳಿತು, ಸುಳ್ಳು ಹೇಳಬೇಡ, ಕಾಲು ಸ್ಪಷ್ಟವಾಗಿ ಹೇಳಿತು, ಮೆತ್ತಗಿದೆ, ಬೆರಳಷ್ಟು ಮೆತ್ತಗಿದೆ ಎಂದು, ಹೊಸ ಪ್ಯಾಡು, ಡಿಸ್ಕಿಗೆ ಉಜ್ಜಿ ಕೂತ ಮೇಲೆ ಗಟ್ಟಿಯಾಗುತ್ತೆ ಎಂದು ಕಾಲಿನ ಬಾಯಿ ಮುಚ್ಚಿಸಿದಳು. ಖಾಲಿ ರಸ್ತೆಗೆ ಹೋಗಿ ಮೂವತ್ತು ಸಲ ಓಡಿಸಿ ನಿಲ್ಲಿಸಿ ಪ್ಯಾಡು ಕೂರಿಸಿದರು, ಒಂದೊಂದು ಸಲಕ್ಕೂ ನಡುವೆ ಆರಿಸಿ ಆರಿಸಿ, ಹಾಗಾಗಿ ಬಿಸಿಯೇರಲಿಲ್ಲ, ಬಿಸಿಯೇರದಿದ್ದರೆ ಗಾಳಿ ಉಬ್ಬುವುದಿಲ್ಲ, ಏನಕ್ಕಾ ಹೀಗೆ ಹಿಡಿಯುತ್ತೆ ಅಂದ ತಮ್ಮ, ಕಣ್ಣು ಅರಳಿಸಿ, ನಿನ್ನ ಕೈಗೆ ಬಂಗಾರದ ಬಳೆ ಹಾಕಿಸ್ಬೇಕು. ಕೈ ಕತ್ತರಿಸಬೇಕಿತ್ತು, ಬಳೆಯಂತೆ. ಹಳೆಯ ಬ್ರೇಕು ಅಗೋ ಆ ಮೂಲೆಯ ಡಬ್ಬದಲ್ಲಿ ಬಿದ್ದಿದೆ, ಸೈಕಲ್ಲಿಗೆ ಸಾಕು ಅಂದಿದ್ದಳಲ್ಲ, ಅದೇ ಇದ್ದಿದ್ದರೆ ಏಳೂ ತಿರುವು ಇಳಿದು ಮನೆಗೆ ಬಂದು ಮಗು ಒದ್ದೆ ಟವೆಲು ಕುರ್ಚಿಯ ಮೇಲೆ ಎಸೆದು ಬೈಸಿಕೊಳ್ಳುತ್ತಿತ್ತು.

ಹೇಳಬೇಕು. ಎದ್ದು ಹೋಗಿ ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ, ತಪ್ಪು ನಿಂದಲ್ಲ ಕಣೋ, ನಂದು, ಹಾಕು ಫೋನು, ನಾನೇ ಮಾತಾಡ್ತೀನಿ ಅವಳ ಹತ್ರ. ಆಮೇಲೆ? ಆಮೇಲೆ ಅವನು ಏನನ್ನುತ್ತಾನೆ, ಬೈಯುತ್ತಾನೆ, ಬೈಯಲಿ, ಬೈದರೆ ಒಳ್ಳೆಯದು, ಬೈಯದಿದ್ದರೆ? ಹೋಗಲಿ ಬಿಡಕ್ಕಾ ಎಂದುಬಿಟ್ಟರೆ? ಅವನು ಅಂಥವನೇ, ಚಿಕ್ಕಂದಿನಲ್ಲಿ ಇವಳು ಒಡೆದ ಲೋಟಕ್ಕೂ ಅವನೇ ಒದೆ ತಿಂದವನು, ಹದಿನೆಂಟು ದಿನದಿಂದ ಅದನ್ನೇ ಮಾಡುತ್ತಿದ್ದಾನೆ, ಇವಳು ಹೊರಬೇಕಾದ್ದನ್ನು ತಾನು ಹೊತ್ತುಕೊಂಡು ಊಟ ಬಿಟ್ಟು ತಿರುಗುತ್ತಿದ್ದಾನೆ, ನೀನು ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೆ ಅಕ್ಕಾ, ನಾನು ಹಾಳು ಮಾಡ್ದೆ, ಕ್ಷಮಿಸ್ಬಿಡು, ನನ್ನ ಹತ್ತಿರ ಕ್ಷಮೆ ಕೇಳಿದನಲ್ಲಾ ಈ ಮಂಕ, ಈ ಶೆಡ್ಡಿನಲ್ಲೇ, ಈ ಕಾರಿನ ಮೂತಿ ಜಜ್ಜಿ ಹೋದದ್ದನ್ನು ಸವರುತ್ತಾ, ಇವಳು ಬೆನ್ನು ತಟ್ಟಿದಳು, ಆಗುತ್ತೆ ಬಿಡು ಎಂದಳು, ದೊಡ್ಡ ಮನಸ್ಸು ಮಾಡಿ! ಭೂಮಿ ಬಾಯಿ ಬಿಡಬಾರದೇ. ಅವನ ಹೆಂಡತಿ ಸುಮ್ಮನಿರುವುದಿಲ್ಲ, ಇರಬಾರದು, ನಾನೇ ಹಾಕಿದ್ದು ಅಂದ್ರಲ್ಲ ಅಕ್ಕಾ ಎಂದು ಒಂದೇ ಮಾತು ಕೇಳಿದರೆ ಸಾಕು, ಇವಳು ಎಲ್ಲಿ ಮುಖ ಇಟ್ಟುಕೊಳ್ಳುತ್ತಾಳೆ, ಮತ್ತೆ ಚಿಟ್ಟೆ, ಅತ್ತೆ ನೀವಾದ್ರೂ ನಂಬಿ ಅಂದವಳು, ಶಾಲೆ ಬಿಟ್ಟ ಮೇಲೆ ಬಂದು ಈ ಟೈರಿನ ರಾಶಿಯ ಮೇಲೆ ಕೂತು ತಲೆ ತಿನ್ನುವವಳು, ಅದೇನತ್ತೆ ಇದೇನತ್ತೆ, ಇನ್ನು ಬರುತ್ತಾಳೆಯೇ, ಬಂದರೂ ಹಾಗೆ ನೋಡುತ್ತಾಳೆಯೇ. ಬೀದಿ ಏನನ್ನುತ್ತದೆ ಎಂಬುದು ಆಮೇಲಿನ ಮಾತು, ಬ್ರೇಕಮ್ಮ ತಮ್ಮನ ಕಾರಿಗೇ ಬ್ರೇಕು ಉಲ್ಟಾ ಹಾಕಿದ್ಲಂತೆ, ಬೋರ್ಡಿನಲ್ಲಿ ಅಪ್ಪನ ಹೆಸರಿದೆ, ಅಪ್ಪ ಸತ್ತು ಬದುಕಿದ ಎಂದುಕೊಳ್ಳಬೇಕು. ಇನ್ನೊಂದು ದಾರಿಯೂ ಇದೆ. ಎರಡು ಬೋಲ್ಟು ಆ ಕಡೆ, ಎರಡು ಬೋಲ್ಟು ಈ ಕಡೆ, ಅದಲು ಬದಲು ಮಾಡಿದರೆ ಮುಗಿಯಿತು, ಮುಕ್ಕಾಲು ಗಂಟೆಯ ಕೆಲಸ, ಗಾಜಿನಾಚೆ ಅವನಿಗೆ ಸ್ಪ್ಯಾನರಿನ ಸದ್ದು ಕೇಳಿದರೂ ಅಕ್ಕ ನೋಡುತ್ತಿದ್ದಾಳೆ ಎಂದುಕೊಳ್ಳುತ್ತಾನೆ, ಎಲ್ಲ ಸರಿಯಾಗಿದೆ ಕಣೋ ಎಂದರೆ ಗೊತ್ತಿತ್ತು ಬಿಡಕ್ಕಾ ಅನ್ನುತ್ತಾನೆ, ಅವಳೂ ಸ್ವಲ್ಪ ದಿನ ಸಿಟ್ಟು ಮಾಡಿ ಬರುತ್ತಾಳೆ, ಗಂಡ ಹೆಂಡಿರು, ಎಷ್ಟು ದಿನ ದೂರ ಇರುತ್ತಾರೆ, ಮಗುವಿನ ಕೈ ಕೂಡಿಕೊಳ್ಳುತ್ತದೆ, ಥೂ ಪಾಪಿ, ಥೂ ನಿನ್ನ, ಅವನನ್ನು ಮುಳುಗಿಸಿ ನೀನು ದಡ ಸೇರುತ್ತೀಯಾ, ಹೇಳಬೇಕು, ಹೇಳುತ್ತೇನೆ, ಖಂಡಿತ ಹೇಳುತ್ತೇನೆ, ಇದೊಂದು ಬೋಲ್ಟು —

ಬೋಲ್ಟು? ಅವಳು ಕೈ ನೋಡಿಕೊಂಡಳು. ಹದಿನೇಳರ ಸ್ಪ್ಯಾನರು ಕೈಯಲ್ಲಿದೆ, ಬಿಗಿದಿದ್ದಾಳೆ, ಕೊನೆಯ ಬೋಲ್ಟೂ ಬಿಗಿದಾಗಿದೆ, ಕೆಳಗಿನ ತಟ್ಟೆಯಲ್ಲಿ ಎಣ್ಣೆ ತುಂಬಿದೆ, ಯಾವಾಗ ಬಿಚ್ಚಿದಳು, ಹೋಸು ಯಾವಾಗ ಕಳಚಿದಳು, ಆಚೆಯದು ಈಚೆಗೆ ಯಾವಾಗ ಬಂತು, ಹೇಳಬೇಕು ಹೇಳಬೇಕು ಎಂದು ತಲೆ ಒಂದೇ ಸಮನೆ ಹರಟುತ್ತಿರುವಾಗ ಕೈ ತನ್ನ ಪಾಡಿಗೆ ತಪ್ಪು ಮುಚ್ಚಿ ಹಾಕುತ್ತಿತ್ತು, ಎಷ್ಟು ಚೆಂದದ ಕೆಲಸ, ಒಂದು ಗೀರಿಲ್ಲ, ವಾಷರು ಕೂಡ ಹೊಸದು ಹಾಕಿದೆ. ಗಡಿಯಾರ ನೋಡಿದಳು, ಮೂವತ್ತೈದು ನಿಮಿಷ. ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ ಕಳ್ಳಿಗೆ. ಎರಡೂ ಮೂಗು ಮೇಲಿದೆ, ಆಕಾಶ ನೋಡುತ್ತಿದೆ, ಈಗ ನಿಜವಾಗಿಯೂ ಸರಿಯಾಗಿದೆ, ಆ ಗುಡ್ಡವಲ್ಲ ಅದರಪ್ಪನಂಥ ಗುಡ್ಡ ಇಳಿದರೂ ಹಿಡಿಯುತ್ತದೆ, ಮತ್ತು ಹಳದಿಯ ಮೇಲೆ, ಕಪ್ಪಿನಲ್ಲಿ, ಚಿಟ್ಟೆ. ತಲೆಕೆಳಗಾಗಿ. ಗುಡಿಸು ಕೆಳಗೆ, ಒತ್ತು ಮೇಲೆ, ಕಾಲು ಹಿಡಿದು ನೇತುಹಾಕಿದ ಮಗುವಿನ ಹಾಗೆ. ಆಚೆ ಹೋಗಿ ನೋಡಿದಳು, ಅಲ್ಲೂ. ಅಯ್ಯೋ, ಇದನ್ನು ಹೇಗೆ ಮರೆತಳು, ಇದರಿಂದಲೇ ಅಲ್ಲವೇ ಎಲ್ಲ, ಸರಿಯಾಗಿ ಕೂರಿಸಿದರೆ ಹೆಸರು ತಲೆಕೆಳಗಾಗುತ್ತದೆ, ಹೆಸರು ನೆಟ್ಟಗಿದ್ದರೆ ಕೈ ಮುರಿಯುತ್ತದೆ. ತೆಗೆಯಬೇಕು. ಹೆಸರು ಒರೆಸಿಬಿಟ್ಟರಾಯಿತು, ಬೆಂಚಿನ ಕೆಳಗೆ ಬಣ್ಣ ಕರಗಿಸುವ ಥಿನ್ನರಿದೆ, ಬಿಸಿಗೆ ಬಣ್ಣ ಸುಟ್ಟು ಹೋಗಿತ್ತು ಎಂದರೆ ನಂಬುತ್ತಾನೆ, ಅವನು ಏನನ್ನು ತಾನೇ ನಂಬುವುದಿಲ್ಲ, ಬಟ್ಟೆಯ ತುಂಡಿಗೆ ಸುರಿದಳು, ಘಾಟು ಮೂಗಿಗೆ ಹೊಡೆಯಿತು, ಒತ್ತಿ ಒಂದು ಸಲ ಎಳೆದಳು, ಕೊನೆಯ ಅಕ್ಷರದ ಅಂಚು ಕರಗಿ ಹಳದಿಯ ಮೇಲೆ ಕಪ್ಪು ಕಣ್ಣೀರಿನ ಗೆರೆಯ ಹಾಗೆ ಇಳಿಯಿತು, ಕೈ ನಿಂತಿತು. ಇಷ್ಟು ಹೊತ್ತು ಹೇಳದೆ ಕೇಳದೆ ದುಡಿದ ಕೈ ಈಗ ಮುಂದೆ ಹೋಗಲೊಲ್ಲದು. ಪ್ಲಾಸ್ಟರಿನ ಮೇಲೂ ಚಿಟ್ಟೆ ತನ್ನ ಹೆಸರು ಬರೆದುಕೊಂಡಿದ್ದಳು, ಬಲಗೈಯಲ್ಲಿ, ನೀಲಿ ಪೆನ್ನಿನಲ್ಲಿ, ಸೊಟ್ಟಗೆ, ಅತ್ತೆ ನೋಡಿ, ನನ್ನ ಕ್ಯಾಲಿಪರು.

ಶೂ ಬಂತು. ಕಾರಿನ ಕೆಳಗಿನ ಸಂದಿಯಲ್ಲಿ ಮೊದಲು ಅವನ ಎರಡು ಶೂ ಕಂಡವು, ಹಿಂದೆಯೇ ದನಿ, ಏನಕ್ಕಾ ಇಷ್ಟು ಹೊತ್ತು, ಗಾಳಿ ತೆಗೀಬೇಕಾ, ನಾನು ಕೂತು ಒತ್ಲಾ, ಅವಳು ಬಟ್ಟೆಯನ್ನು ಮುಷ್ಟಿಯಲ್ಲಿ ಮುದುರಿಕೊಂಡಳು, ಹೌದಲ್ಲ, ಹೋಸು ಕಳಚಿದ ಮೇಲೆ ಗಾಳಿ ತೆಗೆಯಲೇಬೇಕು, ಅದಕ್ಕೆ ಇಬ್ಬರು ಬೇಕು, ಮುಚ್ಚಿಹಾಕುವುದಕ್ಕೂ ಅವನದೇ ಕಾಲು ಬೇಕಿತ್ತು, ಒತ್ತು ಎಂದರೆ ಒತ್ತುತ್ತಿದ್ದ, ಹಿಡಿ ಎಂದರೆ ಹಿಡಿಯುತ್ತಿದ್ದ, ಯಾಕೆ ಎಂದು ಕೇಳುತ್ತಿರಲಿಲ್ಲ. ಅವನು ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತ, ಮಂಡಿ ಲಟಕ್ಕೆಂದಿತು, ಕೈದೀಪದ ಬೆಳಕು ಅವನ ಗಲ್ಲದ ಬಿಟ್ಟುಹೋದ ಗಡ್ಡದ ಮೇಲೆ ಬಿತ್ತು, ಕ್ಯಾಲಿಪರು ನೋಡಿದ, ಕತ್ತು ಓರೆ ಮಾಡಿದ, ಇನ್ನೂ ಓರೆ ಮಾಡಿದ, ನಕ್ಕ — ಹದಿನೆಂಟು ದಿನದಲ್ಲಿ ಮೊದಲ ಸಲ ನಕ್ಕ, ದೇವರೇ, ಈಗಲೇ ನಗಬೇಕಿತ್ತೇ — ಅಕ್ಕಾ, ಏನೇ ಇದು, ಚಿಟ್ಟೆ ತಲೆಕೆಳಗಾಗಿದಾಳೆ, ಬಿಚ್ಚಿ ವಾಪಸ್ ಹಾಕುವಾಗ ಉಲ್ಟಾ ಹಾಕ್ಬಿಟ್ಟಿದೀಯ ನೋಡು, 'ವಯಸ್ಸಾಯ್ತು ಬ್ರೇಕಮ್ಮನಿಗೆ' ಅಂತ ಬೋರ್ಡು ಬದಲಾಯಿಸ್ಬೇಕು ಇನ್ನು. ಹೂಂ ಅಂದರೆ ಸಾಕು. ಅಯ್ಯೋ ಹೌದಲ್ಲೋ ಎಂದು ತಾನೂ ನಕ್ಕರೆ ಸಾಕು, ಮತ್ತೆ ಬಿಚ್ಚಿ ಹೆಸರು ನೆಟ್ಟಗೆ ಮಾಡಿ, ಮೂಗು ನೆಲಕ್ಕೆ ಮಾಡಿ, ಎಲ್ಲ ಮೊದಲಿದ್ದ ಹಾಗೆ, ಅವನೇ ಎತ್ತಿ ಕೊಟ್ಟಿದ್ದಾನೆ ನೆಪವನ್ನು, ಕೈಗೇ ತಂದಿಟ್ಟಿದ್ದಾನೆ ಯಾವಾಗಿನ ಹಾಗೆ, ಮುಷ್ಟಿಯ ಬಟ್ಟೆಯನ್ನು ನೆಲಕ್ಕೆ ಹಾಕಿದಳು, ಇಲ್ಲ ಕಣೋ, ಅಂದಳು, ಉಲ್ಟಾ ಅಲ್ಲ, ಈಗ ಸರಿಯಾಗಿದೆ. ಏನು ಸರಿ, ಅಂದ ಅವನು, ಇನ್ನೂ ನಗುತ್ತಲೇ, ಹೆಸರು ನೋಡೇ. ಮೂಗು ನೋಡು, ಅಂದಳು. ನೋಡಿದ. ಚಿಕ್ಕಂದಿನಿಂದ ಈ ಶೆಡ್ಡಿನಲ್ಲೇ ಬೆಳೆದವನು, ಮೂಗು ಎಲ್ಲಿರಬೇಕು ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಮೇಲಿದ್ದ ಮೂಗು ನೋಡಿದ, ಅದರ ಕೆಳಗೆ ಹೆಸರು ನೋಡಿದ, ಮತ್ತೆ ಮೂಗು, ಮತ್ತೆ ಹೆಸರು, ಹೆಸರು ನೆಟ್ಟಗಿದ್ದಾಗ ಮೂಗು ಎಲ್ಲಿತ್ತು ಎಂದು ಅವನ ಕಣ್ಣು ಮೆಲ್ಲಗೆ ಕೆಳಗಿಳಿಯಿತು, ನೆಲದವರೆಗೆ, ಎಣ್ಣೆಯ ತಟ್ಟೆಯವರೆಗೆ, ನಗು ಮಾತ್ರ ಮುಖದ ಮೇಲೆ ಹಾಗೇ ಉಳಿದಿತ್ತು, ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ, ಅವಳು ಇನ್ನೇನೋ ಹೇಳಬೇಕೆಂದಿದ್ದಳು, ಫೋನು ಹಾಕು ಎಂದು, ಅವಳ ಹತ್ರ ನಾನೇ ಮಾತಾಡ್ತೀನಿ ಎಂದು, ಅವನು ಕತ್ತು ನೆಟ್ಟಗೆ ಮಾಡಲಿಲ್ಲ, ಓರೆ ಮಾಡಿದ ಕತ್ತು ಓರೆಯಾಗಿಯೇ ಇತ್ತು, ಒಂದು ಬೆರಳು ಚಾಚಿ ಅಕ್ಷರಗಳನ್ನು ಮುಟ್ಟಿದ, ಹಸಿ ಕಪ್ಪು ಬೆರಳಿಗೆ ಅಂಟಿತು, ಮತ್ತೆ ಮುಟ್ಟಿದ, ಹಳದಿಯ ಮೇಲೆ ಚಿಟ್ಟೆ, ತಲೆಕೆಳಗಾಗಿ, ಚಿಟ್ಟೆ, ತಲೆಕೆಳಗಾಗಿ, ಚಿಟ್ಟೆ